ಅಡಿಟಿಪ್ಪಣಿ ಎಲ್ಲಿ ಕೈಕೊಟ್ಟಿದೆ? ಆಕರ ಸೂಚನೆಯ ದೋಷ ಹುಡುಕುವ ಕೈಪಿಡಿ

ಪ್ರಬಂಧ ವಾಪಸ್ ಬಂದಿದೆ. ವರದಿಯಲ್ಲಿ ಒಂದೇ ಸಾಲು: ‘ಆಕರ ಸೂಚನೆಗಳು ಸರಿಯಿಲ್ಲ, ತಿದ್ದಿ ಮತ್ತೆ ಸಲ್ಲಿಸಿ.’ ಯಾವ ಪುಟ, ಯಾವ ತಪ್ಪು, ಒಂದೂ ಬರೆದಿಲ್ಲ. ಇಂಥ ಹೊತ್ತಲ್ಲಿ ಹೆಚ್ಚಿನವರು ಕೊನೆಯ ಗ್ರಂಥಋಣದ (ಬಳಸಿದ ಪುಸ್ತಕಗಳ ಪಟ್ಟಿಯ) ಪುಟ ತೆಗೆದು ಚುಕ್ಕಿ, ಅಲ್ಪವಿರಾಮ ಸರಿ ಮಾಡಲು ಕೂರುತ್ತಾರೆ. ನಾನೂ ಹಾಗೇ ಕೂತಿದ್ದೆ. ಎರಡು ವಾರ ಚುಕ್ಕಿ ತಿದ್ದಿ ಕಳಿಸಿದೆ, ಮತ್ತೆ ವಾಪಸ್ ಬಂತು. ಆಮೇಲೆ ಒಂದು ದಿನ ಲೈಬ್ರರಿಯಲ್ಲಿ ಕೂತು ನನ್ನದೇ ಅಡಿಟಿಪ್ಪಣಿಗಳನ್ನು ಹಿಡಿದು ಒಂದೊಂದೇ ಪುಸ್ತಕ ತೆಗೆದು ನೋಡಿದೆ. ನಾನು ಹೇಳಿದ ಪುಟದಲ್ಲಿ ನಾನು ಹೇಳಿದ ಮಾತು ಇರಲಿಲ್ಲ. ಒಂದಲ್ಲ, ಹಲವು ಕಡೆ.

ಆವತ್ತಿನಿಂದ ನನಗೆ ಒಂದು ವಿಷಯ ಖಚಿತ. ಆಕರದ ತಪ್ಪು ಕಾಣಿಸುವುದು ಕೊನೆಯ ಪಟ್ಟಿಯಲ್ಲಿ, ಆದರೆ ಅದು ಹುಟ್ಟುವುದು ಅಲ್ಲಿ ಅಲ್ಲ. ನೋಟ್ಸ್ ಬರೆದ ದಿನ ಹುಟ್ಟಿರುತ್ತದೆ, ಫೋಟೋಕಾಪಿ ತೆಗೆದ ದಿನ ಹುಟ್ಟಿರುತ್ತದೆ, ಇನ್ನೊಬ್ಬರ ಪುಸ್ತಕದಿಂದ ಅಡಿಟಿಪ್ಪಣಿ ಎತ್ತಿಕೊಂಡ ದಿನ ಹುಟ್ಟಿರುತ್ತದೆ, ಡಿಟಿಪಿ ಅಂಗಡಿಯಲ್ಲಿ ಫಾಂಟ್ ಬದಲಿಸಿದ ದಿನ ಹುಟ್ಟಿರುತ್ತದೆ. ಹಾಗಾಗಿ ಪಟ್ಟಿಯಿಂದ ಹಿಂದಕ್ಕೆ ನಡೆದು ಹುಡುಕಬೇಕು.

ನಮ್ಮ ಕಾಸರಗೋಡಿನ ಕಡೆಯವರಿಗೆ ಇದು ಸ್ವಲ್ಪ ಜಾಸ್ತಿ ಕಷ್ಟ. ನಮ್ಮ ಆಕರಗಳು ಕನ್ನಡ, ತುಳು, ಮಲಯಾಳ, ಇಂಗ್ಲಿಷ್ ನಾಲ್ಕರಲ್ಲೂ ಉಂಟು. ಕಡತ ಹುಡುಕಲು ಒಮ್ಮೆ ಮಂಗಳೂರು, ಒಮ್ಮೆ ಕೋಯಿಕ್ಕೋಡು, ತೀರಾ ಹಳೆಯದಾದರೆ ಚೆನ್ನೈ. ಎಪಿಎ, ಎಂಎಲ್‌ಎ, ಶಿಕಾಗೊ, ಆಕರ ಬರೆಯುವ ಕ್ರಮ ಹೇಳುವ ಈ ಯಾವ ಕೈಪಿಡಿಯನ್ನೂ ಇಂಥ ಜಾಗ ಮನಸ್ಸಲ್ಲಿಟ್ಟು ಬರೆದಿಲ್ಲ. ಆದರೂ ಅವುಗಳ ನಿಯಮದ ಹಿಂದಿರುವ ಬೇಡಿಕೆ ಒಂದೇ, ಅದು ಎಲ್ಲ ಭಾಷೆಗೂ ಸರಿ: ಓದುವವರು ನೀವು ನೋಡಿದ ಅದೇ ಪುಟಕ್ಕೆ ತಲುಪಬೇಕು.

ಮೊದಲು ಹತ್ತು ಅಡಿಟಿಪ್ಪಣಿಯ ಪರೀಕ್ಷೆ

ಏನನ್ನೂ ತಿದ್ದುವ ಮೊದಲು ಇದನ್ನು ಮಾಡಿ. ಪ್ರಬಂಧದ ಮಧ್ಯದ ಅಧ್ಯಾಯಗಳಿಂದ ಹತ್ತು ಅಡಿಟಿಪ್ಪಣಿ ಆರಿಸಿ. ಮೊದಲ ಅಧ್ಯಾಯ ಬೇಡ, ಅದನ್ನು ಎಲ್ಲರೂ ಜಾಗ್ರತೆಯಿಂದ ಬರೆದಿರುತ್ತಾರೆ. ಬೇರೆ ವಿಷಯ ಓದಿದ ಒಬ್ಬ ಗೆಳೆಯರ ಕೈಗೆ ಪ್ರಬಂಧ ಕೊಟ್ಟು, ಇದರಲ್ಲಿ ಬರೆದಿರುವುದನ್ನು ಮಾತ್ರ ನೋಡಿಕೊಂಡು ಈ ಹತ್ತು ಪುಟ ಹುಡುಕಿ ಕೊಡಿ ಅಂತ ಹೇಳಿ. ಪಕ್ಕದಲ್ಲಿ ಕೂತು ಬಾಯಿ ಹಾಕಬೇಡಿ.

ಅವರು ಎಲ್ಲಿ ಸಿಕ್ಕಿಬೀಳುತ್ತಾರೆ ಅನ್ನುವುದೇ ನಿಮಗೆ ಬೇಕಾದ ಸುಳಿವು. ಅಡಿಟಿಪ್ಪಣಿಯಲ್ಲಿರುವ ಹೆಸರು ಗ್ರಂಥಋಣದಲ್ಲಿ ಸಿಗಲಿಲ್ಲ ಅಂದರೆ ದೋಷ ಹೆಸರಿನದ್ದು, ಇಲ್ಲವೇ ಪಟ್ಟಿಯಿಂದ ಏನೋ ಬಿಟ್ಟುಹೋಗಿದೆ. ಪಟ್ಟಿಯಲ್ಲಿ ಸಿಕ್ಕಿತು, ಆದರೆ ಅಂಥ ಪುಸ್ತಕ ಯಾವ ಲೈಬ್ರರಿಯಲ್ಲೂ ಇಲ್ಲ ಅಂದರೆ ನೀವು ಆ ಪುಸ್ತಕ ನೋಡದೆ ಬರೆದಿರುವ ಸಾಧ್ಯತೆ ಜಾಸ್ತಿ. ಪುಸ್ತಕ ಸಿಕ್ಕಿತು, ಪುಟ ತಾಳೆ ಆಗುವುದಿಲ್ಲ ಅಂದರೆ ಆವೃತ್ತಿ ಬೇರೆ. ಪುಟವೂ ಸಿಕ್ಕಿತು, ಆದರೆ ಅಲ್ಲಿ ನೀವು ಹೇಳಿದ ಮಾತಿಲ್ಲ ಅಂದರೆ ಅದು ಎಲ್ಲಕ್ಕಿಂತ ದೊಡ್ಡ ದೋಷ, ಅದಕ್ಕೆ ಮೊದಲು ಮದ್ದು ಮಾಡಿ.

ಹತ್ತರಲ್ಲಿ ಒಂದು ತಪ್ಪಿದರೆ ಅದನ್ನು ತಿದ್ದಿ ಮುಂದೆ ಹೋಗಬಹುದು. ಮೂರು ತಪ್ಪಿದರೆ ಇಡೀ ಪ್ರಬಂಧದ ಅಡಿಟಿಪ್ಪಣಿಗಳನ್ನೆಲ್ಲ ನೋಡಬೇಕು, ಬೇರೆ ದಾರಿ ಇಲ್ಲ.

‘ಅದೇ, ಪು. 45’

ಕನ್ನಡ ಪ್ರಬಂಧಗಳಲ್ಲಿ ನಾನು ಅತಿ ಹೆಚ್ಚು ಕಂಡ ದೋಷ ಇದು. ನನ್ನ ಪ್ರಬಂಧದ ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಆಗಿತ್ತು.

ಆಗುವುದು ಹೀಗೆ. 31ನೇ ಟಿಪ್ಪಣಿಯಲ್ಲಿ ಒಂದು ಪುಸ್ತಕದ ಪೂರ್ತಿ ವಿವರ ಕೊಟ್ಟಿದ್ದೀರಿ. 32ನೆಯದು ‘ಅದೇ, ಪು. 45’. ಆರು ತಿಂಗಳ ನಂತರ ಗೈಡ್ ಹೇಳಿದರು ಅಂತ ಆ ಎರಡರ ನಡುವೆ ಒಂದು ಪ್ಯಾರಾ ಸೇರಿಸಿದಿರಿ, ಅದಕ್ಕೊಂದು ಹೊಸ ಟಿಪ್ಪಣಿ ಹಾಕಿದಿರಿ. ವರ್ಡ್ ಸಂಖ್ಯೆಗಳನ್ನು ತಾನೇ ಸರಿ ಮಾಡಿಕೊಂಡಿತು, 32 ಹೋಗಿ 33 ಆಯಿತು. ಆದರೆ ‘ಅದೇ’ ಅನ್ನುವ ಪದಕ್ಕೆ ಏನು ಗೊತ್ತು? ಅದು ಈಗ ಹೊಸ ಪುಸ್ತಕದ ಕಡೆ ಕೈ ತೋರಿಸುತ್ತಿದೆ. ನೋಡಲು ಎಲ್ಲವೂ ಸರಿಯಾಗಿಯೇ ಇದೆ. ಪರೀಕ್ಷಕರು ಪುಸ್ತಕ ತೆಗೆದು ನೋಡಿದಾಗಲೇ ಬಯಲಾಗುವುದು.

‘ಪೂರ್ವೋಕ್ತ’ (ಮೊದಲೇ ಹೇಳಿದ ಪುಸ್ತಕ) ಅಂತ ಬರೆಯುವವರದ್ದು ಇದಕ್ಕಿಂತ ಕಷ್ಟ. ಒಬ್ಬರೇ ಲೇಖಕರ ಎರಡು ಪುಸ್ತಕ ಬಳಸಿದ್ದರೆ ಪೂರ್ವೋಕ್ತ ಅಂದರೆ ಯಾವುದು?

ಪತ್ತೆ ಮಾಡುವುದು ಸುಲಭ. ಫೈಲಿನಲ್ಲಿ ‘ಅದೇ’ ಅಂತ ಹುಡುಕಿ, ಪ್ರತಿಯೊಂದರ ಹಿಂದಿನ ಟಿಪ್ಪಣಿ ಓದಿ. ಆದರೆ ಸುಮ್ನೆ ಪತ್ತೆ ಮಾಡಿ ತಿದ್ದಿದರೆ ಸಾಲದು, ಮುಂದಿನ ತಿದ್ದುಪಡಿಯಲ್ಲಿ ಮತ್ತೆ ಅದೇ ಆಗುತ್ತದೆ. ‘ಅದೇ’ಯನ್ನು ಪೂರ್ತಿ ತೆಗೆದುಬಿಡಿ. ಆ ಜಾಗದಲ್ಲಿ ಲೇಖಕರ ಹೆಸರು, ಪುಸ್ತಕದ ಹೆಸರಿನ ಎರಡು ಪದ, ಪುಟ ಇಷ್ಟು ಹಾಕಿ. ಶಿಕಾಗೊ ಕೈಪಿಡಿಯೂ 2017ರ ತನ್ನ 17ನೇ ಆವೃತ್ತಿಯಿಂದ ಇದನ್ನೇ ಹೇಳುತ್ತಿದೆ, ಇಬಿಡ್ (ಇಂಗ್ಲಿಷ್ ಪ್ರಬಂಧಗಳ ‘ಅದೇ’) ಬದಲು ಚಿಕ್ಕ ರೂಪ ಬಳಸಿ ಅಂತ. ನಮ್ಮಲ್ಲಿ ಕೆಲವು ಗೈಡ್‌ಗಳು ‘ಅದೇ’ ಇರಲೇಬೇಕು ಅನ್ನುತ್ತಾರೆ. ಅಂಥ ಕಡೆ ಬರೆಯುವಾಗ ಎಲ್ಲೆಲ್ಲೂ ಚಿಕ್ಕ ರೂಪ ಇಟ್ಟುಕೊಳ್ಳಿ, ಬೈಂಡಿಂಗಿಗೆ ಕೊಡುವ ಹಿಂದಿನ ದಿನ, ಇನ್ನು ಒಂದು ಅಕ್ಷರವೂ ಬದಲಾಗುವುದಿಲ್ಲ ಅಂತಾದ ಮೇಲೆ, ‘ಅದೇ’ಗೆ ಬದಲಿಸಿ.

ಪುಸ್ತಕ ಸರಿ, ಪುಟ ತಪ್ಪು

ವಿಲಿಯಂ ಲೋಗನ್ನರ ಮಲಬಾರ್ ಮ್ಯಾನ್ಯುಅಲ್ ಮೊದಲು ಅಚ್ಚಾದದ್ದು 1887ರಲ್ಲಿ. ನಮ್ಮಲ್ಲಿ ಹೆಚ್ಚಿನವರ ಕೈಲಿರುವುದು ಈಚಿನ ಮರುಮುದ್ರಣ. ಕೆಲವು ಮರುಮುದ್ರಣ ಹಳೆಯ ಪುಟಗಳ ಪಡಿಯಚ್ಚು, ಅದರಲ್ಲಿ ಪುಟ ಸಂಖ್ಯೆ ಬದಲಾಗುವುದಿಲ್ಲ. ಹೊಸದಾಗಿ ಅಕ್ಷರ ಜೋಡಿಸಿದ್ದಾದರೆ ಪುಟ ಪೂರ್ತಿ ಬೇರೆ. ಪ್ರಬಂಧದಲ್ಲಿ 1887 ಅಂತ ಬರೆದು ಮರುಮುದ್ರಣದ ಪುಟ ಕೊಟ್ಟರೆ ಯಾರೂ ಅಲ್ಲಿಗೆ ತಲುಪಲಾರರು.

ಕಿಟೆಲ್ ನಿಘಂಟಿನದ್ದೂ ಇದೇ ಕಥೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂದದ್ದು ಒಂದು ದಪ್ಪ ಸಂಪುಟ. ಆಮೇಲೆ ಮದ್ರಾಸ್ ವಿಶ್ವವಿದ್ಯಾಲಯ ಅದನ್ನು ಪರಿಷ್ಕರಿಸಿ ಹೊರತಂದದ್ದು ಹಲವು ಸಂಪುಟಗಳಲ್ಲಿ. ‘ಕಿಟೆಲ್, ಪು. 612’ ಅಂತ ಬರೆದರೆ ಯಾವುದರ 612? ನಿಘಂಟಿಗಾದರೆ ಪುಟಕ್ಕಿಂತ ಪದ ಕೊಡುವುದು ಒಳ್ಳೆಯದು, ಇಂಥ ಪದದ ಕೆಳಗೆ ಅಂತ. ಯಾವ ಮುದ್ರಣ ತೆಗೆದರೂ ಸಿಗುತ್ತದೆ.

ವರ್ಷ ತಪ್ಪಿದರೆ ಪುಟ ಮಾತ್ರ ಅಲ್ಲ, ವಾದವೇ ಅಡ್ಡಾದಿಡ್ಡಿ ಆಗಬಹುದು. ಮಂಜೇಶ್ವರದ ಗೋವಿಂದ ಪೈಗಳ ಗಿಳಿವಿಂಡು ಮೊದಲು ಬಂದದ್ದು 1930ರಲ್ಲಿ. ನೀವು ಓದಿದ್ದು ಎಷ್ಟೋ ವರ್ಷಗಳ ನಂತರ ಬಂದ ಸಂಗ್ರಹದಲ್ಲಿ ಅಂದುಕೊಳ್ಳಿ. ಆ ಸಂಗ್ರಹದ ವರ್ಷವನ್ನಷ್ಟೇ ಹಾಕಿ, ‘ಪ್ರಾಸ ಬಿಟ್ಟ ಪದ್ಯಗಳ ಬೆಳವಣಿಗೆ’ ಅಂತ ಕಾಲಾನುಕ್ರಮದಲ್ಲಿ ಬರೆಯಲು ಹೊರಟರೆ 1963ರಲ್ಲಿ ತೀರಿಕೊಂಡ ಕವಿ ತಮಗಿಂತ ಚಿಕ್ಕವರ ನಂತರ ಬಂದು ನಿಲ್ಲುತ್ತಾರೆ. ಓದುವವರಿಗೆ ಗಲಿಬಿಲಿ, ಅಲ್ವಾ?

ಮದ್ದು: ಎರಡೂ ವರ್ಷ ಕೊಡಿ. ಎಪಿಎ ಶೈಲಿಯಲ್ಲಿ ಮೊದಲು ಬಂದ ವರ್ಷ, ಓರೆಗೆರೆ, ನಿಮ್ಮ ಕೈಲಿರುವ ಮುದ್ರಣದ ವರ್ಷ ಅಂತ ಬರೆಯುತ್ತಾರೆ. ಪುಟ ಮಾತ್ರ ಯಾವಾಗಲೂ ನಿಮ್ಮ ಕೈಲಿರುವ ಪ್ರತಿಯದ್ದು. ಇದು ಗೊತ್ತಾಗಬೇಕಾದರೆ ಫೋಟೋಕಾಪಿ ಮಾಡುವಾಗ ಬೇಕಾದ ಪುಟಗಳ ಜೊತೆ ಶೀರ್ಷಿಕೆ ಪುಟ ಮತ್ತು ಅದರ ಹಿಂಬದಿ, ಈ ಎರಡನ್ನೂ ತೆಗೆಸಲೇಬೇಕು. ಪ್ರಕಾಶಕರು, ಮುದ್ರಣ, ವರ್ಷ ಎಲ್ಲ ಇರುವುದು ಆ ಹಿಂಬದಿಯಲ್ಲಿ. ನಾಲ್ಕೈದು ರೂಪಾಯಿ ಉಳಿಸಲು ಹೋಗಿ ಆಮೇಲೆ ಅದೊಂದು ಹಾಳೆಗಾಗಿ ಮಂಗಳೂರಿಗೆ ಬಸ್ಸು ಹತ್ತಿದವರನ್ನು ನೋಡಿದ್ದೇನೆ.

ಪಿಡಿಎಫ್‌ನಲ್ಲಿ ಓದುವವರು ಇನ್ನೊಂದು ಕಡೆ ಎಡವುತ್ತಾರೆ. ಪರದೆಯ ಮೇಲೆ ಕಾಣುವ ಪುಟ ಸಂಖ್ಯೆ ಫೈಲಿನದ್ದು. ಪುಸ್ತಕದ ಪುಟ ಸಂಖ್ಯೆ ಹಾಳೆಯ ಮೇಲೆ ಅಚ್ಚಾಗಿರುವುದು. ಮುನ್ನುಡಿ, ಅರಿಕೆ, ಪರಿವಿಡಿ ಸೇರಿ ಇಪ್ಪತ್ತು ಮೂವತ್ತು ಪುಟ ವ್ಯತ್ಯಾಸ ಬರುವುದು ಮಾಮೂಲು. ನಿಮ್ಮ ತಪ್ಪು ಪುಟಗಳೆಲ್ಲ ಒಂದೇ ಅಂತರದಲ್ಲಿ ತಪ್ಪಿದ್ದರೆ, ಉದಾಹರಣೆಗೆ ಎಲ್ಲವೂ ಸರಿಯಾಗಿ 24 ಹೆಚ್ಚಿದ್ದರೆ, ಕಾರಣ ಇದೇ. ಇದು ಅತ್ಯಂತ ಬೇಗ ಸರಿ ಮಾಡಬಹುದಾದ ದೋಷ.

ನೋಡದ ಪುಸ್ತಕವನ್ನು ನೋಡಿದ ಹಾಗೆ ಬರೆದದ್ದು

ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರ್ ಪ್ರಾಂತ್ಯಗಳಲ್ಲಿ ತಿರುಗಿದ್ದು 1800 ಮತ್ತು 1801ರಲ್ಲಿ. ಪುಸ್ತಕ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾದದ್ದು 1807ರಲ್ಲಿ. ನಮ್ಮ ಕಡೆಯ ಇತಿಹಾಸದ ಬಗ್ಗೆ ಬರೆದ ಪ್ರಬಂಧಗಳಲ್ಲಿ ‘ಬುಕಾನನ್, 1801’ ಅಂತ ಆಗಾಗ ಕಾಣುತ್ತದೆ. ಆ ವರ್ಷದ ಪುಸ್ತಕವೇ ಇಲ್ಲ. ಯಾರೋ ಒಬ್ಬರು ‘1801ರಲ್ಲಿ ಬುಕಾನನ್ ಹೇಳುವಂತೆ’ ಅಂತ ಬರೆದದ್ದನ್ನು ಇನ್ನೊಬ್ಬರು ಪ್ರಕಟಣೆಯ ವರ್ಷ ಅಂದುಕೊಂಡರು. ಮೂರನೆಯವರು ಅವರಿಂದ ಎತ್ತಿಕೊಂಡರು. ಸಂಪುಟ ಸಂಖ್ಯೆ ಎಲ್ಲೋ ದಾರಿಯಲ್ಲಿ ಬಿದ್ದುಹೋಯಿತು.

ಇಂಥ ತಪ್ಪು ಕಂಡರೆ ಪರೀಕ್ಷಕರಿಗೆ ತಕ್ಷಣ ಗೊತ್ತಾಗುವುದು ಏನೆಂದರೆ, ಈ ವಿದ್ಯಾರ್ಥಿ ಬುಕಾನನ್ನನನ್ನು ಓದಿಲ್ಲ. ಆಮೇಲೆ ಅವರು ಬೇರೆ ಟಿಪ್ಪಣಿಗಳನ್ನೂ ಅನುಮಾನದಿಂದಲೇ ನೋಡುತ್ತಾರೆ, ಅದು ಸಹಜ.

ಎರವಲು ಟಿಪ್ಪಣಿ ಪತ್ತೆ ಮಾಡಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಪುಸ್ತಕದ ರಟ್ಟು ಯಾವ ಬಣ್ಣ, ಅಥವಾ ಇದರ ಸ್ಕ್ಯಾನ್ ಯಾವ ಫೋಲ್ಡರಿನಲ್ಲಿದೆ? ಉತ್ತರ ಬರದಿದ್ದರೆ ನೀವು ಅದನ್ನು ನೋಡಿಲ್ಲ. ಆಗ ಎರಡೇ ದಾರಿ. ಮೂಲ ಹುಡುಕಿ ಓದಿ ಅಥವಾ ‘ಇಂಥವರ ಪುಸ್ತಕದಲ್ಲಿ ಉದ್ಧೃತ’ ಅಂತ ನೇರವಾಗಿ ಬರೆಯಿರಿ. ಗ್ರಂಥಋಣದಲ್ಲಿ ನೀವು ಓದಿದ ಪುಸ್ತಕ ಮಾತ್ರ ಬರಬೇಕು. ಹಾಗೆ ಬರೆದರೆ ಮರ್ಯಾದೆ ಕಮ್ಮಿ ಆಗುತ್ತದೆ ಅಂತ ಕೆಲವರಿಗೆ ಅಳುಕು. ಆಗುವುದಿಲ್ಲ, ಬದಲು ನಿಮ್ಮ ಮೇಲಿನ ನಂಬಿಕೆ ಹೆಚ್ಚುತ್ತದೆ. ಬುಕಾನನ್ ಮಟ್ಟಿಗೆ ಎರವಲು ತರುವ ಅಗತ್ಯವೂ ಇಲ್ಲ, ಮೂರೂ ಸಂಪುಟಗಳ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಒಂದು ಎಚ್ಚರ: ಅವರು ಮುಂದೆ ಹ್ಯಾಮಿಲ್ಟನ್ ಅನ್ನುವ ಹೆಸರನ್ನೂ ಸೇರಿಸಿಕೊಂಡರು, ಕೆಲವು ಲೈಬ್ರರಿಗಳ ಕ್ಯಾಟಲಾಗಿನಲ್ಲಿ ಆ ಹೆಸರಿನ ಕೆಳಗೇ ಹುಡುಕಬೇಕು.

ಇಲ್ಲದ ಜಿಲ್ಲೆಯ ಜನಗಣತಿ

ಇದು ಪೂರ್ತಿ ನಮ್ಮೂರಿನ ದೋಷ, ಬೇರೆ ಕಡೆಯ ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

‘ಕಾಸರಗೋಡು ಜಿಲ್ಲೆ ಜನಗಣತಿ ವರದಿ, 1971’ ಅಂತ ಒಂದು ಪ್ರಬಂಧದಲ್ಲಿ ಓದಿದೆ. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ರಂದು. 1971ರಲ್ಲಿ ನಾವು ಕಣ್ಣೂರು ಜಿಲ್ಲೆಯಲ್ಲಿದ್ದೆವು. ಆ ಅಂಕಿ ಇರುವುದು ಕಣ್ಣೂರು ಜಿಲ್ಲೆಯ ವರದಿಯಲ್ಲಿ, ಅದೂ ಆಗಿನ ಇಂಗ್ಲಿಷ್ ಹೆಸರಾದ ಕ್ಯಾನನೂರ್ ಅನ್ನುವುದರ ಕೆಳಗೆ. ಬರೆದವರು ಅಂಕಿಯನ್ನು ಸರಿಯಾಗಿಯೇ ತೆಗೆದಿದ್ದರು. ಹೆಸರನ್ನು ಇಂದಿನದಕ್ಕೆ ಬದಲಿಸಿಬಿಟ್ಟರು, ಓದುವವರಿಗೆ ಸುಲಭವಾಗಲಿ ಅಂತ. ಆದರೆ ಆ ಹೆಸರು ಹಿಡಿದು ಹುಡುಕಿದವರಿಗೆ ಏನೂ ಸಿಗುವುದಿಲ್ಲ.

ನೆನಪಿಟ್ಟುಕೊಳ್ಳಿ. 1951ರ ಜನಗಣತಿಗೆ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಲ್ಲಿದ್ದೆವು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದೆವು. ಮೊದಲು ಮಲಬಾರ್ ಜಿಲ್ಲೆ, 1957ರ ಜನವರಿಯಿಂದ ಕಣ್ಣೂರು ಜಿಲ್ಲೆ. ಹಾಗಾಗಿ 1961, 1971, 1981 ಮೂರೂ ಜನಗಣತಿ ಕಣ್ಣೂರಿನಲ್ಲಿ. ಕಾಸರಗೋಡು ಅನ್ನುವ ಹೆಸರಿನ ಜಿಲ್ಲಾ ವರದಿ ಸಿಗುವುದು 1991ರಿಂದ. ತಾಲೂಕಿನ ಗಡಿಯೂ ಹಾಗೇ ಉಳಿದಿಲ್ಲ. 1951ರ ಕಾಸರಗೋಡು ತಾಲೂಕಿನ ಒಳಗೆ ಹೊಸದುರ್ಗದ ಕಡೆಯೂ ಇತ್ತು, ಆಮೇಲೆ ಅದು ಬೇರೆ ತಾಲೂಕಾಯಿತು, ಈಚೆಗೆ ಮಂಜೇಶ್ವರ ಮತ್ತು ವೆಳ್ಳರಿಕುಂಡು ಬೇರೆಯಾದವು. 1951ರ ‘ಕಾಸರಗೋಡು ತಾಲೂಕು’ ಮತ್ತು ಇಂದಿನ ‘ಕಾಸರಗೋಡು ತಾಲೂಕು’ ಒಂದೇ ಅಂದುಕೊಂಡು ಕನ್ನಡ ಮಾತಾಡುವವರ ಸಂಖ್ಯೆ ಹೋಲಿಸಿದರೆ ಆಕರವೂ ತಪ್ಪು, ತೀರ್ಮಾನವೂ ತಪ್ಪು. ಭಾಷೆಯ ಸಂಖ್ಯೆ ನಮ್ಮ ಪಾಲಿಗೆ ಬರೀ ಅಂಕಿ ಅಲ್ಲ. ಅಲ್ಲಿ ಸಣ್ಣ ತಪ್ಪು ಸಿಕ್ಕಿದರೂ ಇಡೀ ವಾದವನ್ನು ತಳ್ಳಿಹಾಕಲು ಜನ ಕಾದಿರುತ್ತಾರೆ.

ನಿಯಮ ಸರಳ: ಆಕರದ ಹೆಸರನ್ನು ಅದರ ಮೇಲೆ ಅಚ್ಚಾದ ಹಾಗೇ ಬರೆಯಿರಿ. ಇಂದಿನ ಹೆಸರು, ವಿವರಣೆ ಬೇಕಾದರೆ ನಿಮ್ಮ ವಾಕ್ಯದಲ್ಲಿ ಹೇಳಿ. ಹುಡುಕುವಾಗ ಮಾತ್ರ ಎಲ್ಲ ರೂಪಗಳನ್ನೂ ಹಾಕಿ. ಇಂಗ್ಲಿಷಿನಲ್ಲಿ ಕೆನರಾ ಅನ್ನುವುದನ್ನು ಹಳೆಯ ಕಡತಗಳಲ್ಲಿ ಸಿ ಅಕ್ಷರದಿಂದಲೂ ನಂತರದವುಗಳಲ್ಲಿ ಕೆ ಅಕ್ಷರದಿಂದಲೂ ಬರೆದಿದ್ದಾರೆ. ಸ್ಟರಾಕ್ ಬರೆದ 1894ರ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿ ಸಿ ಅಕ್ಷರದಲ್ಲಿದೆ. ಮಲಯಾಳದಲ್ಲಿ ಕಾಸರ್‌ಗೋಡ್, ಕಾಸರ್‌ಕೋಡ್ ಎರಡೂ ಉಂಟು.

ಒಬ್ಬರೇ ಲೇಖಕರು, ಮೂರು ಜಾಗ

ನಿಮ್ಮ ಗ್ರಂಥಋಣದಲ್ಲಿ ‘ಗೋವಿಂದ ಪೈ ಎಂ.’ ಗ ಅಕ್ಷರದಲ್ಲಿ, ‘ಪೈ, ಗೋವಿಂದ’ ಪ ಅಕ್ಷರದಲ್ಲಿ, ‘ಮಂಜೇಶ್ವರ ಗೋವಿಂದ ಪೈ’ ಮ ಅಕ್ಷರದಲ್ಲಿ ಇದೆಯಾ ನೋಡಿ. ಮೂರೂ ಒಬ್ಬರೇ. ಎಂ ಅಂದರೆ ಮಂಜೇಶ್ವರ. ಕಯ್ಯಾರ ಕಿಞ್ಞಣ್ಣ ರೈ ಅವರದ್ದೂ ಹಾಗೆ. ಕಯ್ಯಾರ ಊರಿನ ಹೆಸರು, ಕೆಲವರು ಅದರಿಂದ ಶುರು ಮಾಡುತ್ತಾರೆ, ಕೆಲವರು ರೈ ಅಂತ ಹಾಕುತ್ತಾರೆ. ಜೊತೆಗೆ ಕಿಞ್ಞಣ್ಣ, ಕಿಂಞಣ್ಣ ಅಂತ ಕಾಗುಣಿತ ಬೇರೆ. ಕಂಪ್ಯೂಟರಿಗೆ ಇವರು ಬೇರೆ ಬೇರೆ ಜನ.

ಇದರ ಮೂಲ ಕಾರಣ, ಕೊನೆಯ ಹೆಸರು ಮನೆತನದ್ದು ಅನ್ನುವ ಪಾಶ್ಚಾತ್ಯ ಲೆಕ್ಕವನ್ನು ನಮ್ಮ ಹೆಸರಿಗೆ ಹಾಕಿದ್ದು. ನಮ್ಮಲ್ಲಿ ಊರು, ಮನೆ, ತಂದೆಯ ಹೆಸರಿನ ಅಕ್ಷರ, ಜಾತಿ ಸೂಚಕ ಯಾವುದೂ ಎಲ್ಲಿ ಬೇಕಾದರೂ ಬರಬಹುದು. ಕನ್ನಡ ಪ್ರಬಂಧಕ್ಕೆ ನಾನು ಹೇಳುವುದು: ವ್ಯಕ್ತಿಯ ಸ್ವಂತ ಹೆಸರಿನಿಂದ ಶುರು ಮಾಡಿ, ಊರು ಮತ್ತು ಇನಿಶಿಯಲ್ ನಂತರ ಹಾಕಿ, ಗ್ರಂಥಋಣದ ಶುರುವಿನಲ್ಲಿ ಈ ಕ್ರಮ ಅನುಸರಿಸಿದ್ದೇನೆ ಅಂತ ಒಂದು ಸಾಲು ಬರೆದುಬಿಡಿ. ಇಂಗ್ಲಿಷ್ ಪತ್ರಿಕೆಗೆ ಕಳಿಸುವಾಗ ಅವರ ಕ್ರಮ ಬೇರೆ ಇರುತ್ತದೆ, ಅದನ್ನು ಅನುಸರಿಸಿ. ಎಪಿಎ ಕೇಳುವ ಪತ್ರಿಕೆಯಾದರೆ ಕನ್ನಡ ಪುಸ್ತಕದ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದು, ಅದರ ಇಂಗ್ಲಿಷ್ ಅರ್ಥವನ್ನು ಚೌಕ ಆವರಣದಲ್ಲಿ ಕೊಡಬೇಕು. ಯಾವುದಾದರೂ ಒಂದೇ ಕ್ರಮ, ಮೊದಲ ಪುಟದಿಂದ ಕೊನೆಯವರೆಗೆ.

ಆಕರಗಳನ್ನು ಜೋಡಿಸಿಡುವ ಝೊಟೆರೊ ತಂತ್ರಾಂಶ ಬಳಸುವವರಿಗೆ ಒಂದು ಸಣ್ಣ ಉಪಾಯ. ಅದು ಹೆಸರಿಗೆ ಎರಡು ಖಾನೆ ಕೊಡುತ್ತದೆ. ಪಕ್ಕದಲ್ಲಿರುವ ಚಿಕ್ಕ ಗುಂಡಿ ಒತ್ತಿ ಒಂದೇ ಖಾನೆ ಮಾಡಿಕೊಂಡು ಹೆಸರನ್ನು ನಿಮಗೆ ಬೇಕಾದ ಕ್ರಮದಲ್ಲಿ ಟೈಪ್ ಮಾಡಿ. ಆಗ ಅದು ಹೆಸರನ್ನು ಹಿಂದೆ ಮುಂದೆ ಮಾಡಲು ಹೋಗುವುದಿಲ್ಲ.

ಚಿಟಿಜ

ನಿಮ್ಮ ಫೈಲಿನಲ್ಲಿ ‘ಚಿಟಿಜ’ ಅಂತ ಹುಡುಕಿ. ಒಂದೇ ಒಂದು ಸಿಕ್ಕಿದರೂ ಕೆಲಸ ಉಂಟು ಅಂತ ಅರ್ಥ.

ಹಳೆಯ ನುಡಿ ಫಾಂಟಿನಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಅದನ್ನು ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಕ್ಕೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ಕನ್ನಡದ ವೇಷ ಅಂತ ಗೊತ್ತಾಗುವುದಿಲ್ಲ. ‘ಅಂಡ್’ ಅನ್ನುವ ಇಂಗ್ಲಿಷ್ ಪದದ ಮೂರು ಅಕ್ಷರಗಳು ‘ಚಿಟಿಜ’ ಆಗಿಬಿಡುತ್ತವೆ. ಮೈಪಠ್ಯದಲ್ಲಿ ಇಂಗ್ಲಿಷ್ ಕಮ್ಮಿ, ಹಾಗಾಗಿ ಅಲ್ಲಿ ಕಾಣುವುದಿಲ್ಲ. ಇಂಗ್ಲಿಷ್ ಪುಸ್ತಕಗಳ ಹೆಸರೆಲ್ಲ ಇರುವುದು ಅಡಿಟಿಪ್ಪಣಿ ಮತ್ತು ಗ್ರಂಥಋಣದಲ್ಲಿ, ಏಟು ಬೀಳುವುದು ಅಲ್ಲಿಗೇ.

ಕಳೆದ ವರ್ಷ ಕುಂಬಳೆಯ ಕಡೆಯ ಒಬ್ಬಳು ಹುಡುಗಿ ಪ್ರಬಂಧ ಹಿಡಿದುಕೊಂಡು ಬಂದಿದ್ದಳು. ‘ಅಕ್ಕಾ, ಮನೆಯಲ್ಲಿ ಸರಿ ಇತ್ತು, ಅಂಗಡಿಯಲ್ಲಿ ಹೀಗಾಯಿತು’ ಅಂದಳು. ಅವಳ ಪಟ್ಟಿಯಲ್ಲಿ 40 ಇಂಗ್ಲಿಷ್ ಪುಸ್ತಕಗಳಿದ್ದವು, ಒಂದನ್ನೂ ಓದಲು ಆಗುತ್ತಿರಲಿಲ್ಲ. ಹಳೆಯ ನುಡಿ ಫೈಲ್ ಉಳಿಸಿದ್ದಳು, ಅದೇ ಪುಣ್ಯ. ಅದರಿಂದ ಇಂಗ್ಲಿಷ್ ಸಾಲುಗಳನ್ನು ಬೇರೆ ತೆಗೆದು, ಕನ್ನಡವನ್ನು ಮಾತ್ರ ಬದಲಿಸಿ, ಮತ್ತೆ ಜೋಡಿಸಿದೆವು. ಎರಡು ದಿನ ಹಿಡಿಯಿತು.

ಹಾಗಾಗಿ ಫಾಂಟ್ ಬದಲಿಸುವ ಮೊದಲು ಮೂಲ ಫೈಲಿನ ಒಂದು ಪ್ರತಿ ಬೇರೆ ಇಡಿ. ಇನ್ನೂ ಬರೆಯಲು ಶುರು ಮಾಡದವರು ನೇರ ಯೂನಿಕೋಡ್‌ನಲ್ಲೇ ಬರೆಯಿರಿ, ಈಚಿನ ನುಡಿ ತಂತ್ರಾಂಶದಲ್ಲೂ ಆ ಆಯ್ಕೆ ಇದೆ. ಮತ್ತೊಂದು: ಝೊಟೆರೊ ಹಾಕಿದ ಟಿಪ್ಪಣಿಗಳು ವರ್ಡ್‌ನಲ್ಲಿ ಒಳಗಿಂದ ಕೊಂಡಿ ಹಾಕಿಕೊಂಡಿರುತ್ತವೆ. ಫೈಲನ್ನು ಬೇರೆ ತಂತ್ರಾಂಶಕ್ಕೆ ಹಾಕಿ ಪೇಜ್ ಮಾಡಿಸಿದರೆ ಆ ಕೊಂಡಿ ಕಡಿಯುತ್ತದೆ. ಆಮೇಲೆ ಒಂದು ಪುಸ್ತಕ ಸೇರಿಸಿದರೂ ಪಟ್ಟಿ ತಾನಾಗಿ ಬದಲಾಗುವುದಿಲ್ಲ.

ಒಂದೇ ತರ ಕಾಣುವ ಎರಡು ಪದಗಳಲ್ಲಿ ಒಂದು ಮಾತ್ರ ಹುಡುಕಾಟದಲ್ಲಿ ಸಿಗುತ್ತಿದೆ ಅಂದರೆ, ಒಂದರೊಳಗೆ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆ ಸೇರಿರುತ್ತದೆ. ಇಂಗ್ಲಿಷ್ ಹೆಸರುಗಳನ್ನು ಕನ್ನಡದಲ್ಲಿ ಬರೆದಾಗ ಇದು ಸಾಮಾನ್ಯ. ಆ ಪದವನ್ನು ಅಳಿಸಿ ಹೊಸದಾಗಿ ಟೈಪ್ ಮಾಡಿದರೆ ಸಾಕು.

ಹೋಲಿಕೆಯ ವರದಿ ಜಾಸ್ತಿ ಬಂದಿದೆ

ನಿಮ್ಮ ಮಾತು ಬೇರೆಯವರ ಬರಹಕ್ಕೆ ಎಷ್ಟು ಹೊಂದುತ್ತದೆ ಅಂತ ಯಂತ್ರ ಲೆಕ್ಕ ಹಾಕಿ ಕೊಡುವುದೇ ಹೋಲಿಕೆಯ ವರದಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದ ಪ್ರಕಾರ ಹೋಲಿಕೆ ಶೇಕಡಾ 10ರ ತನಕ ಇದ್ದರೆ ದಂಡನೆ ಇಲ್ಲ. 10ರಿಂದ 40 ಇದ್ದರೆ ತಿದ್ದಿ ಮತ್ತೆ ಕೊಡಬೇಕು, ಅದಕ್ಕೆ ಹೆಚ್ಚೆಂದರೆ ಆರು ತಿಂಗಳು. 40ರಿಂದ 60 ಆದರೆ ಒಂದು ವರ್ಷ ಕೊಡಲು ಬಿಡುವುದಿಲ್ಲ. 60 ದಾಟಿದರೆ ನೋಂದಣಿ ರದ್ದು. ಸರಿಯಾಗಿ ಆಕರ ಕೊಟ್ಟ ಉದ್ಧರಣೆ, ಗ್ರಂಥಋಣ, ಪರಿವಿಡಿ, ಮುನ್ನುಡಿ ಇವುಗಳನ್ನು ಲೆಕ್ಕದಿಂದ ಬಿಡಬೇಕು ಅಂತಲೂ, ಸಾಮಾನ್ಯ ತಿಳಿವಳಿಕೆಯ ಮಾತು ಅಥವಾ ಆಕಸ್ಮಿಕವಾಗಿ ಸತತ 14 ಪದಗಳ ತನಕ ಹೊಂದಿದರೆ ಬಿಡಬೇಕು ಅಂತಲೂ ಅದರಲ್ಲಿದೆ. ವರದಿ ಜಾಸ್ತಿ ಬಂದರೆ ಮೊದಲು ಇವನ್ನೆಲ್ಲ ಬಿಟ್ಟಿದ್ದಾರಾ ಅಂತ ಕೇಳಿ. ಎಷ್ಟೋ ಸಲ ಗ್ರಂಥಋಣವೂ ಸೇರಿ ಲೆಕ್ಕ ಆಗಿರುತ್ತದೆ.

ಬಿಟ್ಟ ಮೇಲೂ ಜಾಸ್ತಿ ಇದೆಯಾ? ಆಗ ನೋಡಬೇಕಾದದ್ದು ಉದ್ಧರಣ ಚಿಹ್ನೆ. ಮಾತನ್ನು ಪದಶಃ ಎತ್ತಿ, ಕೊನೆಗೆ ಅಡಿಟಿಪ್ಪಣಿ ಹಾಕಿ, ಚಿಹ್ನೆ ಹಾಕದೆ ಬಿಟ್ಟರೆ ಅದು ನಿಮ್ಮ ಮಾತು ಅಂತ ಆಗುತ್ತದೆ. ಅಡಿಟಿಪ್ಪಣಿ ವಿಚಾರ ಯಾರದ್ದು ಅಂತ ಹೇಳುತ್ತದೆ, ಚಿಹ್ನೆ ಪದಗಳು ಯಾರದ್ದು ಅಂತ ಹೇಳುತ್ತದೆ. ಎರಡೂ ಬೇಕು. ಇಂಗ್ಲಿಷಿಂದಲೋ ಮಲಯಾಳದಿಂದಲೋ ನೀವೇ ಅನುವಾದ ಮಾಡಿದ ಮಾತಿಗೂ ಆಕರ ಬೇಕು, ಜೊತೆಗೆ ‘ಅನುವಾದ ನನ್ನದು’ ಅಂತ ಸೇರಿಸಿ. ಅನುವಾದವನ್ನು ಯಂತ್ರ ಹಿಡಿಯುವುದಿಲ್ಲ ಅಂತ ಬಿಟ್ಟುಬಿಡಬೇಡಿ. ಮೂಲ ಭಾಷೆ ಗೊತ್ತಿರುವ ಪರೀಕ್ಷಕರು ನಮ್ಮ ಕಡೆ ಬೇಕಾದಷ್ಟು ಇದ್ದಾರೆ.

ಇಲ್ಲವೇ ಇಲ್ಲದ ಲೇಖನ

ಹೊಸ ದೋಷ ಇದು. ಲೇಖಕರು ನಿಜ, ಪತ್ರಿಕೆ ನಿಜ, ಸಂಪುಟದ ಸಂಖ್ಯೆಯೂ ಸರಿ ಇರುವ ಹಾಗೆ ಕಾಣುತ್ತದೆ, ಆದರೆ ಆ ಲೇಖನ ಎಲ್ಲೂ ಇಲ್ಲ. ಎಐ ಚಾಟ್‌ಬಾಟ್ ಹತ್ತಿರ ಆಕರ ಕೇಳಿ ತೆಗೆದುಕೊಂಡಾಗ ಹೀಗೆ ಆಗುತ್ತದೆ. ‘10.’ ಅಂತ ಶುರುವಾಗುವ ಡಿಒಐ ಸಂಖ್ಯೆ (ಲೇಖನಕ್ಕೆ ಕೊಟ್ಟ ಕಾಯಂ ಗುರುತು) ಇದ್ದರೆ ಡಿಒಐ ಡಾಟ್ ಆರ್ಗ್‌ನಲ್ಲಿ ಹಾಕಿ ನೋಡಿ, ಬೇರೆ ಯಾವುದೋ ಲೇಖನಕ್ಕೆ ಹೋಗುತ್ತದೆ ಅಥವಾ ಎಲ್ಲಿಗೂ ಹೋಗುವುದಿಲ್ಲ. ಡಿಒಐ ಇಲ್ಲದ ಕನ್ನಡ ಲೇಖನವಾದರೆ ಆ ಸಂಚಿಕೆಯ ಪರಿವಿಡಿಯನ್ನೇ ನೋಡಬೇಕು. ಪಿಎಚ್‌ಡಿ ಪ್ರಬಂಧ ಅಂತ ಹೇಳಿದ್ದರೆ ಶೋಧಗಂಗಾದಲ್ಲಿ (ಪಿಎಚ್‌ಡಿ ಪ್ರಬಂಧಗಳ ಜಾಲತಾಣ) ಹುಡುಕಿ. ಸಿಗದಿದ್ದರೆ ಆ ಆಕರವನ್ನು ತೆಗೆದುಬಿಡಿ, ಅದರ ಮೇಲೆ ಕಟ್ಟಿದ ಪ್ಯಾರಾವನ್ನೂ ಮತ್ತೆ ಬರೆಯಿರಿ. ಆಕರ ತೆಗೆದು ಪ್ಯಾರಾ ಉಳಿಸಿದರೆ ಏನೂ ಸರಿಯಾದಂತಲ್ಲ.

ಬಾಯಿಮಾತಿನ ಆಕರ

ಪಾಡ್ದನ (ತುಳು ಹಾಡುಗತೆ), ತೆಯ್ಯಂ, ಯಕ್ಷಗಾನ, ಬೀಡಿ ಕಟ್ಟುವವರ ಬದುಕು ಇಂಥ ವಿಷಯ ಹಿಡಿದವರಿಗೆ ದೊಡ್ಡ ಆಕರ ಜನ. ಅಲ್ಲಿ ದೋಷ ಕಾಣುವುದು ‘ಹಿರಿಯರು ಹೇಳುವಂತೆ’ ಅನ್ನುವ ಮಾತಿನಲ್ಲಿ. ಯಾವ ಹಿರಿಯರು, ಯಾವ ಊರು, ಯಾವತ್ತು ಹೇಳಿದರು? ವಕ್ತೃವಿನ (ಮಾತು ಹೇಳಿದವರ) ಹೆಸರು, ವಯಸ್ಸು, ಊರು, ಸಂದರ್ಶನದ ದಿನಾಂಕ, ಯಾವ ಭಾಷೆಯಲ್ಲಿ ಮಾತಾಡಿದರು, ರೆಕಾರ್ಡಿಂಗ್ ಎಲ್ಲಿದೆ ಇಷ್ಟು ಕೊನೆಯ ವಕ್ತೃಗಳ ಪಟ್ಟಿಯಲ್ಲಿ ಬರಲಿ. ಹೆಸರು ಹಾಕಲು ಅವರ ಒಪ್ಪಿಗೆ ಕೇಳಿ, ಬೇಡ ಅಂದರೆ ಒಂದು ಸಂಕೇತ ಕೊಡಿ. ಒಂದು ಪುಸ್ತಕದ ಲೇಖಕರಿಗೆ ಕೊಡುವ ಜಾಗವನ್ನು ಅಜ್ಜಿಯೊಬ್ಬರಿಗೆ ಕೊಡದೆ ಅವರ ಪಾಡ್ದನವನ್ನು ನಮ್ಮ ಪ್ರಬಂಧಕ್ಕೆ ಹಾಕಿಕೊಂಡರೆ ಅದು ನನಗೆ ಚುಕ್ಕಿಯ ತಪ್ಪಾಗಿ ಕಾಣುವುದಿಲ್ಲ, ಅನ್ಯಾಯವಾಗಿ ಕಾಣುತ್ತದೆ.

ಎರಡೇ ದಿನ ಉಳಿದಿದ್ದರೆ

ಆಗ ಈ ಕ್ರಮದಲ್ಲಿ ಹೋಗಿ. ಮೊದಲು ‘ಅದೇ’ ಎಲ್ಲ ತೆಗೆಯಿರಿ. ಆಮೇಲೆ ಒಳಗಿನ ಪ್ರತಿಯೊಂದು ಹೆಸರೂ ಪಟ್ಟಿಯಲ್ಲಿದೆಯಾ, ಪಟ್ಟಿಯ ಪ್ರತಿಯೊಂದು ಪುಸ್ತಕವೂ ಒಳಗೆ ಬಂದಿದೆಯಾ ಅಂತ ಎರಡೂ ಕಡೆಯಿಂದ ಗುರುತು ಹಾಕಿ. ಒಬ್ಬರು ಓದಿ ಇನ್ನೊಬ್ಬರು ಟಿಕ್ ಮಾಡಿದರೆ ಬೇಗ ಆಗುತ್ತದೆ. ಮೂರನೆಯದು, ನೀವು ಗಟ್ಟಿಯಾಗಿ ವಾದ ಮಾಡಿದ ಜಾಗಗಳ ಟಿಪ್ಪಣಿ ಮಾತ್ರ ಮೂಲ ಪುಸ್ತಕ ತೆಗೆದು ನೋಡಿ. ಚುಕ್ಕಿ, ಅಲ್ಪವಿರಾಮ ಕೊನೆಗೆ. ಪ್ರಿಂಟಿಗೆ ಕೊಡುವ ಪಿಡಿಎಫ್ ಅನ್ನು ಅಂಗಡಿಯ ಕಂಪ್ಯೂಟರಿನಲ್ಲೇ ತೆರೆಸಿ, ಗ್ರಂಥಋಣದ ಮೊದಲ ಪುಟ ಮತ್ತು ಕೊನೆಯ ಪುಟ ನಿಮ್ಮ ಕಣ್ಣಿನಿಂದ ನೋಡಿ ಆಮೇಲೆ ಪ್ರಿಂಟ್ ಒತ್ತಲು ಹೇಳಿ.